ಉಡಿ ಖಣದ ಕ್ರಿಸ್‌ಮಸ್ ಮರಗಳು

ನಿಮ್ಮ ಮನೆಯಲ್ಲಿ ಹೊಲಿಸದೇ ಇಟ್ಟ ಬ್ಲೌಸ್ ಪೀಸ್ ಎಷ್ಟಿವೆ? ಸುಮ್ನೆ ಕೇಳುತ್ತಿಲ್ಲ. ಇವತ್ತು ಹೇಳಲಿರುವ ಕೌದಿಗೆ ಮುಖ್ಯ ಸಾಮಾನೇ ಅದು.

ಧಾರವಾಡ ಬಿಟ್ಟು ಓಹಾಯೋದ ಕೊಲಂಬಸ್‌ಗೆ ಬಂದ ಮೇಲೂ ನನಗೆ ಬ್ಲೌಸ್ ಪೀಸ್ ಬರುವುದು ನಿಂತಿಲ್ಲ. ಊರಿಗೆ ಹೋದರೆ ಹೋದ ಮನೆಯಲ್ಲೆಲ್ಲ ಉಡಿ ತುಂಬುತ್ತಾರೆ. ಇಲ್ಲಿ ವರಮಹಾಲಕ್ಷ್ಮಿಗೆ, ನವರಾತ್ರಿಗೆ ಕರೆದವರು ಅರಿಶಿನ ಕುಂಕುಮದ ಜೊತೆ ಒಂದು ಕೊಟ್ಟೇ ಕಳಿಸುತ್ತಾರೆ. ಅದನ್ನು ನಾವು ಇನ್ನೊಬ್ಬರಿಗೆ ದಾಟಿಸುತ್ತೇವೆ, ಅವರು ಮತ್ತೊಬ್ಬರಿಗೆ. ಒಮ್ಮೆ ನಾನು ಕೊಟ್ಟ ಗಿಳಿಹಸಿರು ಪೀಸು ಅದೇ ಮಡಿಕೆ, ಅದೇ ಅಂಗಡಿಯ ಚೀಟಿ ಸಮೇತ ನನ್ನ ಮನೆಗೇ ವಾಪಸ್ ಬಂದಿತ್ತು. ಯಾರೂ ಹೊಲಿಸುವುದಿಲ್ಲ, ಅಲ್ವಾ? ಇಲ್ಲಿ ಒಂದು ಬ್ಲೌಸ್ ಹೊಲಿಸುವ ದುಡ್ಡಿಗೆ ಊರಲ್ಲಿ ಸೀರೆಯೇ ಬರುತ್ತದೆ.

ಹಾಗೆ ಕೂಡಿಬಿದ್ದ ರಾಶಿಯಲ್ಲಿ ಹಸಿರೇ ಜಾಸ್ತಿ. ಉಡಿಗೆ ಹಸಿರು ಖಣ ಶ್ರೇಷ್ಠ ಅಂತ ನಮ್ಮ ಕಡೆಯ ನಂಬಿಕೆ. ಬಾಟಲಿ ಹಸಿರು, ಮೆಹಂದಿ ಹಸಿರು, ಎಲೆ ಹಸಿರು, ನವಿಲು ಕುತ್ತಿಗೆಯ ಹಸಿರು. ಎಲ್ಲ ಹರಡಿ ನೋಡಿದರೆ ಕಾಡೇ ಕಾಣುತ್ತದೆ.

ಇನ್ನು ಮರದ ವಿಷಯ. ಡಿಸೆಂಬರ್ ಬಂತೆಂದರೆ ಇಲ್ಲಿ ಕ್ವಿಲ್ಟ್, ಅಂದರೆ ಇಲ್ಲಿಯವರ ಕೌದಿ, ಹೊಲಿಯುವವರ ಮನೆಗಳಲ್ಲಿ ರಜೆಯ ಕ್ವಿಲ್ಟ್ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಸೋಫಾದ ಮೇಲೆ ಹೊದಿಸುತ್ತಾರೆ, ಗೋಡೆಗೆ ತೂಗುತ್ತಾರೆ. ಎದುರು ಮನೆಯ ಅಜ್ಜಿಯದ್ದು ಬರೀ ಪೈನ್ ಮರಗಳ ಕ್ವಿಲ್ಟ್. ಗಂಟೆ, ಸಾಂತಾ ಕ್ಲಾಸ್, ಹೊಳೆಯುವ ನಕ್ಷತ್ರ ಯಾವುದೂ ಇಲ್ಲ. ಸಾಲು ಸಾಲು ಮರ, ಹಿಂದೆ ಮಾಸಿದ ಬಿಳಿ. ಮಾರ್ಚ್ ತನಕ ಇಟ್ಟರೂ ಯಾರೂ ಏನೂ ಕೇಳುವ ಹಾಗಿಲ್ಲ. ಓಹಾಯೋದ ಚಳಿ ಹೇಗೂ ಅಲ್ಲಿಯ ತನಕ ಇರುತ್ತದೆ. ನನಗೆ ಆ ಉಪಾಯ ಬಹಳ ಹಿಡಿಸಿತು. ನಮ್ಮ ಮಕ್ಕಳು ಇಲ್ಲೇ ಹುಟ್ಟಿದವರು, ಅವರಿಗೆ ಕ್ರಿಸ್‌ಮಸ್ ರಜೆ ಅಂದರೆ ಮರ ಬೇಕೇ ಬೇಕು.

ನಾನು ಹೊಲಿದದ್ದು ಎಲ್ಲಕ್ಕಿಂತ ಸುಲಭದ ಮರ. ಮೂರು ತ್ರಿಕೋನ ಒಂದರ ಮೇಲೊಂದು, ಕೆಳಗೆ ಒಂದು ಕಾಂಡ, ಮುಗಿಯಿತು. ಈ ತ್ರಿಕೋನದ ತುಂಡಿಗೆ ಕ್ವಿಲ್ಟ್‌ನವರು ಫ್ಲೈಯಿಂಗ್ ಗೀಸ್ ಅನ್ನುತ್ತಾರೆ. ಬಹಳ ಹಳೆಯ ವಿನ್ಯಾಸ. ನಮಗೂ ತ್ರಿಕೋನ ಹೊಸದಲ್ಲ. ಉಡಿಗೆ ಇಡುವ ಖಣವನ್ನು ನಮ್ಮ ಹಿರಿಯರು ಮೂರು ಮೂಲೆ ಬರುವ ಹಾಗೆ ಮಡಿಸುತ್ತಿದ್ದರು. ಹಸಿರು ಖಣ ತ್ರಿಕೋನವಾಗಿ ತಟ್ಟೆಯಲ್ಲಿ ಕೂತಿದ್ದನ್ನು ನೋಡಿದವರಿಗೆ ಮರ ಹೊಲಿಯುವ ಯೋಚನೆ ಬರಲು ತಡವಾಗಬಾರದು.

ಲೆಕ್ಕ ಬರೆದುಕೊಳ್ಳಿ. ಒಂದು ಮರಕ್ಕೆ 8.5 ಇಂಚು ಅಗಲ, 4.5 ಇಂಚು ಎತ್ತರದ ಹಸಿರು ತುಂಡು ಮೂರು. ಹಿನ್ನೆಲೆ ಬಟ್ಟೆಯ 4.5 ಇಂಚಿನ ಚೌಕ ಆರು. ಕಾಂಡಕ್ಕೆ 2.5 ಇಂಚು ಅಗಲ, 3.5 ಇಂಚು ಎತ್ತರದ ತುಂಡು ಒಂದು, ಅದರ ಎರಡೂ ಪಕ್ಕಕ್ಕೆ ಹಿನ್ನೆಲೆ ಬಟ್ಟೆಯ 3.5 ಇಂಚಿನ ಚೌಕ ಒಂದೊಂದು. ಹೊಲಿದಾಗ ಮರ 8 ಇಂಚು ಅಗಲ, 15 ಇಂಚು ಎತ್ತರ ಬರುತ್ತದೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು 12 ಮರ. ನಡುವೆ ಮತ್ತು ಸುತ್ತ ಹಿನ್ನೆಲೆ ಬಟ್ಟೆಯದ್ದೇ 2 ಇಂಚಿನ ಪಟ್ಟಿ, ಅದರಾಚೆ 4 ಇಂಚಿನ ಅಂಚು, ಇವೆರಡೂ ಹೊಲಿದ ಮೇಲಿನ ಅಳತೆ. ಎಲ್ಲ ಸೇರಿ 50ಕ್ಕೆ 61 ಇಂಚು. ಸೋಫಾದ ಮೇಲೆ ಒಬ್ಬರು ಕಾಲು ಮಡಚಿ ಕೂತು ಹೊದ್ದುಕೊಳ್ಳಲು ಸಾಕು. ಹಿನ್ನೆಲೆ ಬಟ್ಟೆ 3 ಗಜ ತೆಗೆದುಕೊಳ್ಳಿ, ಸ್ವಲ್ಪ ಉಳಿಯುತ್ತದೆ.

ಹಸಿರಿಗೆ ನಿಜವಾಗಿ ಎರಡು ಬ್ಲೌಸ್ ಪೀಸ್ ಸಾಕಾಗುತ್ತದೆ. ಆದರೆ ಹಾಗೆ ಮಾಡಬೇಡಿ. ಒಂದು ಮರಕ್ಕೆ ಒಂದು ಹಸಿರು, ಅಥವಾ ಒಂದೇ ಮರದಲ್ಲಿ ಮೂರು ಹಸಿರು. ಪೀಸು ಇದ್ದೇ ಇವೆಯಲ್ಲ!

ಹಿನ್ನೆಲೆ ಬಟ್ಟೆ ತರಲು ಹೋಮ್ಸ್ ಕೌಂಟಿಗೆ ಹೋಗಿದ್ದೆವು. ಮೊದಲಾದರೆ ಹತ್ತಿರದ ಜೋಆನ್ ಅಂಗಡಿಗೆ ಹೋಗಿ ಬಂದರೆ ಆಗುತ್ತಿತ್ತು. 1943ರಲ್ಲಿ ಇದೇ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾದ ಅಂಗಡಿ ಅದು. 2025ರಲ್ಲಿ ದೇಶದ ಉದ್ದಗಲಕ್ಕೂ ಎಲ್ಲ ಮಳಿಗೆ ಮುಚ್ಚಿದರು. ಹೊಲಿಗೆಯವರ ಪಾಲಿಗೆ ದೊಡ್ಡ ಪೆಟ್ಟೇ. ಹೋಮ್ಸ್ ಕೌಂಟಿ ಆಮಿಶ್ ಜನ, ಅಂದರೆ ಹಳೇ ಪದ್ಧತಿಯಲ್ಲೇ ಸಾದಾ ಬದುಕು ನಡೆಸುವ ಕ್ರೈಸ್ತ ಪಂಗಡದವರು, ತುಂಬ ಇರುವ ಜಾಗ. ಕುದುರೆ ಗಾಡಿ ರಸ್ತೆಯ ಪಕ್ಕದಲ್ಲಿ ಟಕಟಕ ಹೋಗುತ್ತಿರುತ್ತದೆ. ಅಲ್ಲಿನ ಬಟ್ಟೆ ಅಂಗಡಿಗಳಲ್ಲಿ ಹೂವು ಬಳ್ಳಿ ಇಲ್ಲದ ಸಾದಾ ಬಣ್ಣದ ಹತ್ತಿ ಬಟ್ಟೆ ಎಷ್ಟು ಬೇಕಾದರೂ ಸಿಗುತ್ತದೆ. ಕ್ರಿಸ್‌ಮಸ್ ಮರದ ಕ್ವಿಲ್ಟಿಗೆ ನಾನು ಬಟ್ಟೆ ಕೊಂಡದ್ದು ಆಮಿಶ್ ಜನರ ನಡುವೆ. ಅವರ ಮನೆಗಳಲ್ಲಿ ಸಾಮಾನ್ಯವಾಗಿ ಕ್ರಿಸ್‌ಮಸ್ ಮರವನ್ನೇ ಇಡುವುದಿಲ್ಲ! ನಾನು ತಂದದ್ದು ಅಚ್ಚ ಬಿಳಿ ಅಲ್ಲ, ಕೋರಾ ಬಟ್ಟೆಯ ಬಣ್ಣ. ಖಣದ ಹೊಳಪಿಗೆ ಅಚ್ಚ ಬಿಳಿ ಕಣ್ಣು ಚುಚ್ಚುತ್ತದೆ.

ಆಗ ಅವ್ವ ಆರು ತಿಂಗಳಿಗೆ ಅಂತ ಬಂದಿದ್ದಳು. ನಾನು ಹೊಸ ಬಟ್ಟೆ ಹರಡಿ ಚೌಕ ಕತ್ತರಿಸುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಅರಿವಿ ಛಲೋ ಇದ್ದಾಗನ ಕತ್ತರಸ್ತಾರೇನ? ಹರದದ್ದಕ್ಕ ಕೌದಿ ಹೊಲೀತಾರವ್ವ. ಮತ್ತ ಕೂಡಸೂದ ಇತ್ತಂದ್ರ ತುಂಡ ಯಾಕ ಮಾಡಿದಿ?"

ಉತ್ತರ ಹೇಳಿ ನೋಡೋಣ. ನನ್ನ ಹತ್ತಿರ ಇರಲಿಲ್ಲ.

ಕೌದಿಯ ಲೆಕ್ಕವೇ ಬೇರೆ. ಹಳೇ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ದಪ್ಪ ದಾರದಲ್ಲಿ ಸಾಲು ಸಾಲು ಹೊಲಿಗೆ. ನಾನು ಸಣ್ಣವಳಿದ್ದಾಗ ಓಣಿಗೆ ಕೌದಿ ಹೊಲಿಯುವವರು ಬರುತ್ತಿದ್ದರು. ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತರೆ ಸ್ಕೇಲಿಲ್ಲ, ಪೆನ್ಸಿಲಿಲ್ಲ. ತುಂಡು ಎಷ್ಟಿದೆಯೋ ಅಷ್ಟು. ಅಮೆರಿಕದಲ್ಲೂ ಹೀಗೆ ಹೊಲಿದವರು ಇದ್ದಾರೆ. ಅಲಬಾಮಾದ ಜೀಸ್ ಬೆಂಡ್ ಅನ್ನುವ ಊರಿನ ಕರಿಯ ಹೆಣ್ಣುಮಕ್ಕಳು ಹೊಲದ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು, ಅಂಗಿಗಳನ್ನೇ ಕೂಡಿಸಿ ಕ್ವಿಲ್ಟ್ ಮಾಡುತ್ತಿದ್ದರು. 2002ರಲ್ಲಿ ಅವು ಹ್ಯೂಸ್ಟನ್ನಿನ ಮ್ಯೂಸಿಯಮ್ಮಿಗೂ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೂ ಹೋದವು. 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದವು. ಅವ್ವನಿಗೆ ಫೋನಿನಲ್ಲಿ ಆ ಚಿತ್ರ ತೋರಿಸಿದೆ. "ಇವರಿಗೆ ಗೊತ್ತೈತಿ" ಅಂದಳು. ನನಗೆ ಗೊತ್ತಿಲ್ಲ ಅಂತ ಅದರ ಅರ್ಥ.

ಅವಳದ್ದು ಇನ್ನೊಂದು ತಕರಾರು ಇತ್ತು. ಅದು ನನಗೆ ನ್ಯಾಯ ಅನಿಸಿತು. ಉಡಿಯ ಖಣ ಕಾಲಿಗೆ ತಾಗಬಾರದು. ಹೊದಿಕೆ ಅಂದ ಮೇಲೆ ಕಾಲಿಗೆ ತಾಗದೇ ಇರುತ್ತದೆಯೇ? ಕೊನೆಗೆ ರಾಜಿಯಾಯಿತು. ಎಲ್ಲಮ್ಮನ ಗುಡ್ಡದಿಂದ ಬಂದ ಖಣ, ದೇವರ ಮುಂದೆ ಇಟ್ಟು ಕೊಟ್ಟ ಖಣ ಎಲ್ಲ ಆರಿಸಿ ಬೇರೆ ಇಟ್ಟಳು. ಉಳಿದವು, ಅಂದರೆ ಮನೆಯಿಂದ ಮನೆಗೆ ಓಡಾಡಿ ದಣಿದವು, ನನ್ನ ಪಾಲಿಗೆ. ನಿಮ್ಮ ಮನೆಯಲ್ಲೂ ಕತ್ತರಿ ಹಾಕುವ ಮುಂಚೆ ಹಿರಿಯರನ್ನು ಒಂದು ಮಾತು ಕೇಳಿ. ಆಮೇಲೆ ಮಾತು ಕೇಳುವುದಕ್ಕಿಂತ ಅದು ಸುಲಭ.

ಈಗ ಖಣದ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಕೆಲಸ ಕೆಡುವುದು ಇಲ್ಲೇ. ಇಲ್ಲಿನ ಕ್ವಿಲ್ಟ್ ಪುಸ್ತಕಗಳೆಲ್ಲ ಬಿಗಿಯಾಗಿ ನೇಯ್ದ ಹತ್ತಿ ಬಟ್ಟೆಗೆ ಬರೆದವು. ಗುಳೇದಗುಡ್ಡದ ಖಣ ಹಾಗಲ್ಲ. ಅದರ ಮೇಲಿನ ಸಣ್ಣ ಸಣ್ಣ ಬುಟ್ಟಾಗಳು ನೇಯ್ಗೆಯಲ್ಲೇ ಬಂದವು. ಕತ್ತರಿ ಆಡಿಸಿದ ಕೂಡಲೇ ಅಂಚಿನ ಎಳೆ ಬಿಚ್ಚಲು ಶುರು. ಬೆರಳಿಗೆ ಹಸಿರು ದಾರ ಸುತ್ತಿಕೊಂಡು ಬರುತ್ತದೆ. ಕಾಲು ಇಂಚಿನ ಹೊಲಿಗೆಯಲ್ಲಿ ಅರ್ಧ ಬಿಚ್ಚಿಹೋದರೆ ಮರ ನಿಲ್ಲುವುದಿಲ್ಲ. ಅದಕ್ಕೆ ಮೊದಲು ಫ್ಯೂಸಿಂಗ್ ಅಂಟಿಸಿ. ಬ್ಲೌಸಿನ ಕುತ್ತಿಗೆಗೆ ಟೇಲರ್‌ಗಳು ಹಾಕುತ್ತಾರಲ್ಲ, ಅದೇ. ತೆಳ್ಳಗಿನದ್ದು ಸಾಕು. ಖಣವನ್ನು ಉಲ್ಟಾ ಹಾಸಿ, ಫ್ಯೂಸಿಂಗಿನ ಅಂಟಿನ ಬದಿ ಕೆಳಗೆ ಇಟ್ಟು, ಮೇಲೊಂದು ಹಳೇ ಕರ್ಚೀಫ್ ಹಾಕಿ ಇಸ್ತ್ರಿ ಒತ್ತಿ. ಎಳೆದಾಡಬೇಡಿ, ಎತ್ತಿ ಎತ್ತಿ ಇಡಿ. ಶಾಖ ಕಮ್ಮಿ ಇರಲಿ, ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಇದ್ದರೆ ಜಾಸ್ತಿ ಬಿಸಿಗೆ ಮುದುಡುತ್ತದೆ. ಅಂಟಿಸಿ ಆರಿದ ಮೇಲೆಯೇ ಅಳತೆ, ಕತ್ತರಿ ಎಲ್ಲ.

ಅದಕ್ಕೂ ಮೊದಲು ಬಣ್ಣದ ಪರೀಕ್ಷೆ ಆಗಬೇಕು. ಬಿಳಿ ಬಟ್ಟೆಯ ಒಂದು ತುಂಡು ಒದ್ದೆ ಮಾಡಿ ಖಣದ ಮೂಲೆಗೆ ಒತ್ತಿ ಉಜ್ಜಿ. ಬಣ್ಣ ಬಂತೋ, ಆ ಪೀಸನ್ನು ಮತ್ತೆ ತಾಂಬೂಲದ ತಟ್ಟೆಗೆ ಹಾಕಿ. ಮುಂದೆ ಓಡಾಡಲಿ.

ಕತ್ತರಿಸಲು ಇಲ್ಲಿ ರೋಟರಿ ಕಟರ್ ಸಿಗುತ್ತದೆ, ಸ್ಕೇಲಿನ ಪಕ್ಕ ಉರುಳಿಸಿದರೆ ಬಟ್ಟೆ ಕತ್ತರಿಸುವ ಚಕ್ರ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದದ್ದು. ಅವ್ವ ಅದನ್ನು ಕೈಯಲ್ಲಿ ಹಿಡಿದು, "ಶಂಕರಪೋಳಿ ಚಕ್ರ ಇದ್ಧಂಗ ಐತಿ" ಅಂದಳು. ಹೌದು, ಹಾಗೇ ಇದೆ. ಬೆರಳು ಮಾತ್ರ ಜೋಪಾನ. ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿಡಿ, ಮಕ್ಕಳಿರುವ ಮನೆಯಲ್ಲಂತೂ.

ತ್ರಿಕೋನ ಮಾಡುವ ವಿಧಾನ ನೋಡಿದರೆ ಯಾರಿಗೂ ಬರುತ್ತದೆ. 4.5 ಇಂಚಿನ ಚೌಕದ ಹಿಂಭಾಗಕ್ಕೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಹಸಿರು ತುಂಡಿನ ಬಲ ಮೂಲೆಗೆ ಆ ಚೌಕವನ್ನು ಇಡಿ, ಸುಲ್ಟಾ ಬದಿಗಳು ಒಳಗೆ ಒಂದಕ್ಕೊಂದು ಎದುರಿರಲಿ. ಗೆರೆ ಮೇಲ್ಗಡೆ ನಡುವಿನಿಂದ ಕೆಳಗಿನ ಬಲ ಮೂಲೆಗೆ ಇಳಿಯಬೇಕು. ಗೆರೆಯ ಮೇಲೆ ಹೊಲಿಯಿರಿ. ಹೊಲಿಗೆಯಿಂದ ಕಾಲು ಇಂಚು ಬಿಟ್ಟು ಹೊರಗಿನ ಮೂಲೆ ಕತ್ತರಿಸಿ, ಚೌಕವನ್ನು ಮಗುಚಿ ಇಸ್ತ್ರಿ ಒತ್ತಿ. ಎಡಕ್ಕೂ ಅದೇ. ನಡುವೆ ಹಸಿರು ತ್ರಿಕೋನ ನಿಲ್ಲುತ್ತದೆ. ಅದರ ತುದಿ ಮೇಲಿನ ಅಂಚಿಗೆ ತಾಗಬಾರದು, ಕಾಲು ಇಂಚು ಕೆಳಗೆ ಇರಬೇಕು. ಹೊಲಿದಾಗ ಆ ಕಾಲು ಇಂಚು ಒಳಗೆ ಹೋಗುತ್ತದೆ, ತುದಿ ಚೂಪಾಗಿ ಉಳಿಯುತ್ತದೆ. ಅಂಚಿಗೇ ತಾಗಿದ್ದರೆ ಮರದ ತಲೆ ಮೊಂಡ.

ಓರೆಯಾಗಿ ಹೊಲಿದ ಜಾಗದಲ್ಲಿ ಬಟ್ಟೆ ಎಳೆದರೆ ಹಿಗ್ಗುತ್ತದೆ. ಕ್ರಾಸ್ ಕಟಿಂಗ್ ಬ್ಲೌಸ್ ಹೊಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯೂಸಿಂಗ್ ಇರುವುದರಿಂದ ಹಸಿರು ತಡೆದುಕೊಳ್ಳುತ್ತದೆ. ಕೋರಾ ಬಣ್ಣದ ಹತ್ತಿಯ ಮೇಲೆ ಕಣ್ಣಿರಲಿ.

ಇಂತಹ ಮೂರನ್ನು ಒಂದರ ಕೆಳಗೊಂದು ಕೂಡಿಸಿ. ಕಾಂಡದ ಸಾಲನ್ನು ಕೆಳಗೆ ಸೇರಿಸಿ. ಎಲ್ಲ ಕಡೆ ಹೊಲಿಗೆ ಅಂಚಿನಿಂದ ಕಾಲು ಇಂಚು ಒಳಗೆ, ಅದರಲ್ಲಿ ಏರುಪೇರು ಬೇಡ. ಬ್ಲೌಸ್ ಹೊಲಿದು ರೂಢಿಯಾದ ಕೈಗೆ ಇದು ಕಷ್ಟ. ನಾವು ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು ಅಂತ ಧಾರಾಳವಾಗಿ ಒಳಗೆ ಬಟ್ಟೆ ಬಿಟ್ಟು ಅಭ್ಯಾಸ. ಕ್ವಿಲ್ಟ್ ದಪ್ಪ ಆಗುವುದಿಲ್ಲವಲ್ಲ, ಅದಕ್ಕೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡುವ ಪ್ರಸಂಗವೇ ಇಲ್ಲ.

ಕಾಂಡಕ್ಕೆ ನಾನು ಅಂಗಡಿಯ ಕಂದು ಬಟ್ಟೆ ತರಲಿಲ್ಲ. ಅವ್ವ ಕ್ವಿಲ್ಟಿನ ಅಡಿಗೆ ಹಾಕಲು ತನ್ನ ಹಳೇ ಇಳಕಲ್ ಸೀರೆ ತಂದಿದ್ದಳು. ದಾಳಿಂಬೆ ಬಣ್ಣ, ಸೆರಗು ಹರಿದಿತ್ತು. ಅದರಿಂದ 58 ಇಂಚಿನ ಎರಡು ತುಂಡು ತೆಗೆದು ಪಕ್ಕಪಕ್ಕ ಕೂಡಿಸಿದರೆ ಅಡಿಯ ಪದರ ಆಯಿತು. ಉಳಿದ ಸೀರೆಯ ಗೋಮಿ ದಡಿಯಿಂದ ಹನ್ನೆರಡು ಕಾಂಡ ಬಂದವು. ಮರೂನ್ ದಡಿ, ಅದರಲ್ಲಿ ಸಣ್ಣ ಗೋಮಿ ಗೆರೆಗಳು, ಮರದ ತೊಗಟೆಗೆ ಇದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಬಣ್ಣದ ಹೆದರಿಕೆ ಇಲ್ಲ. ವರ್ಷಗಟ್ಟಲೆ ತೊಳೆದ ಸೀರೆ, ಬಿಡುವ ಬಣ್ಣವನ್ನೆಲ್ಲ ಎಂದೋ ಬಿಟ್ಟಾಗಿದೆ.

ಅಡಿಗೆ ಸೀರೆ, ನಡುವೆ ಬ್ಯಾಟಿಂಗ್ ಅನ್ನುವ ಹತ್ತಿಯ ಮೆತ್ತನೆ ಹಾಸು, ಮೇಲೆ ಮರಗಳು. ಸುಕ್ಕಿಲ್ಲದೆ ಹಾಸಿ, ಅಂಗೈ ಅಗಲಕ್ಕೊಂದು ಪಿನ್ನು ಚುಚ್ಚಿ. ಅಡಿಯದು ಮತ್ತು ನಡುವಿನದು ಎಲ್ಲ ಕಡೆ ನಾಲ್ಕು ಇಂಚು ಜಾಸ್ತಿ ಇರಲಿ.

ಇಲ್ಲಿ ನಮ್ಮಿಬ್ಬರದು ದೊಡ್ಡ ಜಗಳ. ಪದರಗಳನ್ನು ಹಿಡಿಸುವ ಹೊಲಿಗೆಯನ್ನು ನಡುವಿನಿಂದ ಶುರು ಮಾಡಬೇಕು ಅಂತ ಇಲ್ಲಿಯವರು ಹೇಳುತ್ತಾರೆ. ಸುಕ್ಕು ಹೊರಗೆ ಸರಿಯುತ್ತದೆ ಅನ್ನುವ ಕಾರಣ. ಅವ್ವ ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ಒಳಗೆ ಬರುವವಳು. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹಾಗೆಯೇ, ಒಂದು ಮೂಲೆಯಿಂದ ಹಿಡಿದು ಸುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಯುತ್ತದೆ. ಅವ್ವ ಹೇಳಿದ್ದು ಇಷ್ಟೇ: "ಅಂಚ ಗಟ್ಟಿ ಇಲ್ಲದ ಕೌದಿ ಎಷ್ಟ ದಿನ ಬಾಳೀತು?" ನೆಲದ ಮೇಲೆ ಹಾಸಿಕೊಂಡು, ಒಂದು ಕೈ ಅಡಿಗೆ ಇಟ್ಟು ಸವರುತ್ತ ಹೊಲಿದರೆ ಅವಳದ್ದೂ ಸುಕ್ಕಾಗುವುದಿಲ್ಲ, ನಾನೇ ನೋಡಿದ್ದೇನೆ. ಮಷಿನ್ನಿನಲ್ಲಿ ಆ ಕೈ ಇರುವುದಿಲ್ಲ, ಅದಕ್ಕೆ ನಡುವಿನಿಂದ ಹೊರಡಬೇಕು. ಹೀಗೆ ಇಬ್ಬರದೂ ಸರಿ ಅಂತಾಯಿತು. ನಾನು ಮಷಿನ್ನಿನಲ್ಲಿ ನಡುವಿನಿಂದ ಹೊರಟು, ಪ್ರತಿ ಮರದ ಸುತ್ತ ಪಟ್ಟಿಯ ಹೊಲಿಗೆಯ ಗುಂಟ ಒಂದು ಸಾಲು ಓಡಿಸಿದೆ. ವಾಕಿಂಗ್ ಫುಟ್ ಅನ್ನುವ ಮಷಿನ್ನಿನ ಪಾದ ಹಾಕಿಕೊಂಡರೆ ಮೂರೂ ಪದರ ಒಟ್ಟಿಗೆ ಸರಿಯುತ್ತವೆ. ಹೊಲಿಗೆಯ ಉದ್ದ 3 ಮಿಲಿಮೀಟರ್. ಆಮೇಲೆ ಅವ್ವನ ಕೈಗೆ ಕೊಟ್ಟೆ.

ಅವಳು ಕೋರಾ ಬಟ್ಟೆಯ ಮೇಲೆ ಕುಂಕುಮ ಕೆಂಪು ದಾರ ಆರಿಸಿದಳು. ನಾನು ಬಿಳಿ ದಾರ ತಂದಿಟ್ಟಿದ್ದೆ. "ಕಾಣಲಾರದ ಹೊಲಗಿ ಯಾರಿಗೆ ಬೇಕು?" ಅಂದಳು. ಸೂಜಿಯನ್ನು ಒಮ್ಮೆಗೆ ನಾಲ್ಕೈದು ಸಲ ಬಟ್ಟೆಯೊಳಗೆ ಹಾಯಿಸಿ, ಸೂಜಿಯ ಮೇಲೆ ಬಟ್ಟೆ ನೆರಿಗೆ ಕೂತ ಮೇಲೆ ಒಮ್ಮೆಲೇ ದಾರ ಎಳೆಯುತ್ತಾಳೆ. ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಹಿಂದಕ್ಕೆ ಸವರುತ್ತಾಳೆ, ಬಿಗಿ ಬಿಡುತ್ತದೆ. ಒಂದು ಹೊಲಿಗೆ ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ನಡುವಿನ ತೆರವೂ ಅಷ್ಟೇ. ಸಾಲುಗಳ ನಡುವೆ ಒಂದು ಬೆರಳು. ಮರದ ಹತ್ತಿರ ಬಂದಾಗ ಸಾಲು ಮುರಿಯುವುದಿಲ್ಲ, ಹಸಿರಿನ ಮೇಲೂ ಹಾದೇ ಹೋಗುತ್ತದೆ. ಖಣದ ಮೇಲೆ ಕೆಂಪು ಚುಕ್ಕಿಗಳು ಬಂದು, ಮರಕ್ಕೆ ಹಣ್ಣು ಬಿಟ್ಟ ಹಾಗಾಯಿತು. ಎದುರು ಮನೆಯ ಅಜ್ಜಿ ಬಂದವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಆ ಸಾಲುಗಳನ್ನೇ ನೋಡಿದರು. ನನ್ನ ಚೂಪಾದ ಹನ್ನೆರಡು ತುದಿಗಳ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಇರಲಿ.

ಅಂಚು ಕಟ್ಟಲು ಇಳಕಲ್ಲಿನ ಉಳಿದ ಬಟ್ಟೆಯ 2.5 ಇಂಚಿನ ಪಟ್ಟಿ ಎರಡು ಮಡಿಕೆ ಮಾಡಿ ಹಾಕಿದೆ. ಪೈಪಿಂಗ್ ಬರುವವರಿಗೆ ಇದು ಅದರ ದೊಡ್ಡಣ್ಣ ಅಷ್ಟೇ.

ನಾಲ್ಕು ಮೂಲೆಗೆ ಒಂದೊಂದು ಹೂವು ಇಟ್ಟಿದ್ದೇವೆ. ಇದು ಸಿದ್ದಿಯರಿಂದ ಕಲಿತದ್ದು. ಅವರ ಕೌದಿಯ ಮೂಲೆಯಲ್ಲಿ ಬಣ್ಣದ ಬಟ್ಟೆಯನ್ನು ತ್ರಿಕೋನ ಮಡಿಸಿ ಪದರ ಪದರವಾಗಿ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದಂತೆ ಲೆಕ್ಕವೇ ಅಲ್ಲ. ಹಳಿಯಾಳದ ಕಡೆ ಕ್ರೈಸ್ತ ಸಿದ್ದಿಯರು ಇದ್ದಾರೆ, ಅವರ ಕೆಲವು ಕೌದಿಗಳಲ್ಲಿ ಶಿಲುಬೆಯ ತುಂಡೂ ಕಾಣುತ್ತದೆ. ಧಾರವಾಡದಿಂದ ಹಳಿಯಾಳ ಎಷ್ಟು ದೂರ ಹೇಳಿ? ಅಲ್ಲಿದ್ದಾಗ ಒಮ್ಮೆಯೂ ಹೋಗಿ ನೋಡಲಿಲ್ಲ, ಇಲ್ಲಿ ಬಂದು ಲೈಬ್ರರಿಯ ಪುಸ್ತಕದಲ್ಲಿ ನೋಡಿದೆ.

ತೊಳೆಯುವ ಬಗ್ಗೆ ಒಂದು ಮಾತು. ತಣ್ಣೀರು, ಕಮ್ಮಿ ಸೋಪು, ಮಷಿನ್ನಿನಲ್ಲಾದರೆ ಡೆಲಿಕೇಟ್. ಬಣ್ಣ ಹಿಡಿಯುವ ಹಾಳೆ ಅಂತ ಸಿಗುತ್ತದೆ, ಮೊದಲ ಸಲ ಒಂದೆರಡು ಹಾಕಿಬಿಡಿ. ಡ್ರೈಯರ್‌ಗೆ ಹಾಕಬೇಡಿ, ಖಣದ ಹೊಳಪು ಹೋಗುತ್ತದೆ. ಹರಡಿ ನೆರಳಲ್ಲಿ ಒಣಗಿಸಿ. ಹತ್ತಿ ಬ್ಯಾಟಿಂಗ್ ಸ್ವಲ್ಪ ಕುಗ್ಗಿ ಹೊಲಿಗೆಯ ಸುತ್ತ ಸಣ್ಣ ಸುಕ್ಕು ಬರುತ್ತದೆ. ಗಾಬರಿ ಬೇಡ, ಆಗಲೇ ಅದು ಕೌದಿಯ ಹಾಗೆ ಕಾಣಲು ಶುರುವಾಗುವುದು.

ಕತ್ತರಿಸಿ ತೆಗೆದ ಮೂಲೆಗಳನ್ನು ಎಸೆಯಬೇಡಿ. ಒಂದು ಹಸಿರು, ಒಂದು ಬಿಳಿ ಕೂಡಿಸಿದರೆ 3.5 ಇಂಚಿನ ಚೌಕ ಬರುತ್ತದೆ. 12 ಮರಕ್ಕೆ ಅಂಥವು 72. ಬಾಗಿಲಿಗೆ ತೋರಣ ಮಾಡೋಣ ಅಂತ ನನ್ನ ಯೋಚನೆ ಇತ್ತು. ಆದರೆ ಡಬ್ಬಿಯಲ್ಲಿ ನೋಡಿದರೆ ಇರಲಿಲ್ಲ. ಅವ್ವ ಅವನ್ನು ಆಗಲೇ ತನ್ನ ಮಂಚದ ಮೇಲೆ ಹರಡಿಕೊಂಡು, ಹಳದಿ, ಕೆಂಪು ಖಣವೂ ಬೇಕು ಅಂತ ಕೇಳಿದಳು. ಮೊಮ್ಮಗಳಿಗೆ ಒಂದು ಹೊಲಿಯುತ್ತಾಳಂತೆ. ಅದರ ಅಳತೆ ಮಾತ್ರ ನನ್ನನ್ನು ಕೇಳಬೇಡಿ, ಸ್ಕೇಲನ್ನು ಅವಳು ಮುಟ್ಟಿಯೇ ಇಲ್ಲ.